ಗಾಜಿನ ಹೆಂಚಿನ ಬೆಳಕು

ಕೇಳುಗರಿಗೆಲ್ಲ ನಮಸ್ಕಾರ.

ಸಾಗರದ ಹತ್ತಿರದ ಹಳ್ಳಿ ನಮ್ಮದು. ನಮ್ಮ ಅತ್ತಿಗೆ ಹಲಸಿನ ಹಪ್ಪಳ ಮಾಡುತ್ತಾರೆ, ಅಪ್ಪೆಮಿಡಿ ಅನ್ನುವ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಹಾಕುತ್ತಾರೆ. ಎಷ್ಟೋ ವರ್ಷ ಅವರ ಹಪ್ಪಳ ನೆಂಟರ ಮನೆ, ಪೇಟೆಯ ಎರಡು ಅಂಗಡಿ ಬಿಟ್ಟು ಆಚೆ ಹೋಗಿರಲಿಲ್ಲ. ಈಗ ಬೆಂಗಳೂರಿಗೆ, ಪುಣೆಗೆ ಹೋಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಫೋಟೋ ನೋಡಿ ತರಿಸಿಕೊಳ್ಳುತ್ತಾರೆ. ಮನೆಯಲ್ಲೇ ಏನಾದರೂ ಮಾಡಿ ಮಾರುವ ಮಲೆನಾಡಿನ ಅಕ್ಕತಂಗಿಯರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ಇನ್‌ಸ್ಟಾಗ್ರಾಂ ಶುರುವಾಗಿದ್ದು 2010ರಲ್ಲಿ, ಫೋಟೋ ಹಂಚಿಕೊಳ್ಳುವುದಕ್ಕೆಂದೇ. ಚಿಕ್ಕ ವಿಡಿಯೊಗಳ ರೀಲ್ಸ್ ನಮ್ಮಲ್ಲಿಗೆ ಬಂದಿದ್ದು 2020ರಲ್ಲಿ. ಖಾತೆಗೆ ದುಡ್ಡು ಕೊಡಬೇಕಿಲ್ಲ. ಅದನ್ನೇ ಬಿಸಿನೆಸ್ ಖಾತೆ ಮಾಡಿಕೊಂಡರೆ ಯಾವ ಫೋಟೋವನ್ನು ಎಷ್ಟು ಜನ ನೋಡಿದರು ಅಂತಲೂ ಗೊತ್ತಾಗುತ್ತದೆ. ಇಷ್ಟನ್ನು ಮನೆಯ ಹುಡುಗರು ಕೂತಲ್ಲೇ ಮಾಡಿಕೊಡುತ್ತಾರೆ. ಕಷ್ಟ ಇರುವುದು ಫೋಟೋದಲ್ಲಿ.

ಮೊದಲ ಸಲ ನಾನು ರಾತ್ರಿ ಅಡುಗೆಮನೆಯಲ್ಲಿ ಫ್ಲಾಶ್ ಹಾಕಿ ತೆಗೆದೆ. ಹೊಂಬಣ್ಣದ ಹಪ್ಪಳ ಬೂದಿಬಣ್ಣಕ್ಕೆ ತಿರುಗಿತ್ತು. ಬೇಜಾರಾಗಿ, ನೆಟ್‌ನಲ್ಲಿ ಸಿಕ್ಕ ಯಾರದ್ದೋ ಚೆಂದದ ಫೋಟೋ ಹಾಕಿಬಿಟ್ಟೆ. ಅದು ತಪ್ಪು. ಹಪ್ಪಳ ತರಿಸಿಕೊಂಡ ಒಬ್ಬರು, ‘ಫೋಟೋದಲ್ಲಿ ಇದ್ದಿದ್ದು ಇದಲ್ಲ ಅಲ್ವಾ?’ ಅಂತ ಕೇಳಿದರು. ಅತ್ತಿಗೆ ತುಂಬಾ ನೊಂದುಕೊಂಡರು. ಅವರ ಹಪ್ಪಳದಲ್ಲಿ ಒಂದು ಕೊರತೆಯೂ ಇರಲಿಲ್ಲ. ಅವತ್ತೇ ಆ ಫೋಟೋ ತೆಗೆದುಹಾಕಿದೆ.

ಆಮೇಲೆ ದಾರಿ ತೋರಿಸಿದ್ದು ನಮ್ಮ ಮನೆಯ ಗಾಜಿನ ಹೆಂಚು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಅದರಿಂದ ಬಿಸಿಲು ಕೋಲಿನ ಹಾಗೆ ನಡುಮನೆಗೆ ಇಳಿಯುತ್ತದೆ. ಹಪ್ಪಳವನ್ನು ಆ ಬಿಸಿಲಿಗೇ ಇಡದೆ ಒಂದು ಮೊಳ ಪಕ್ಕಕ್ಕೆ, ಬಾಳೆಲೆ ಮೇಲೆ ಇಟ್ಟೆ. ಕ್ಯಾಮೆರಾ ಗಾಜನ್ನು ಸೆರಗಿನಲ್ಲಿ ಒರೆಸಿಕೊಂಡೆ. ಈ ಸಲ ತೊಳೆಯ ಸಣ್ಣ ನಾರು, ಜೀರಿಗೆ, ಮೆಣಸಿನ ಚೂರು ಎಲ್ಲ ಕಂಡವು. ಅಂಚಿನಲ್ಲಿ ಅತ್ತಿಗೆಯ ಬೆರಳ ಗುರುತೂ ಇತ್ತು. ಮಷೀನಿನ ಹಪ್ಪಳದಲ್ಲಿ ಆ ಗುರುತು ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಬಿಸಿಲಿಲ್ಲ ಅಂತ ಸುಮ್ನೆ ಕೂರಬೇಡಿ. ಮೋಡದ ದಿನ ಜಗಲಿಯ ಬೆಳಕು ಮೆತ್ತಗಿರುತ್ತದೆ, ಕಪ್ಪು ನೆರಳು ಬೀಳುವುದಿಲ್ಲ. ಉಪ್ಪಿನಕಾಯಿ ಭರಣಿಗೆ ಅದೇ ಒಳ್ಳೆಯದು.

ಮಾಲು ತೋರಿಸಿದರೆ ಸಾಲದು, ಕೆಲಸವನ್ನೂ ತೋರಿಸಿ. ಅಪ್ಪೆಮಿಡಿಯನ್ನು ತೊಟ್ಟು ಕಳಚದ ಹಾಗೆ, ನೆಲಕ್ಕೆ ಬಿದ್ದು ಪೆಟ್ಟಾಗದ ಹಾಗೆ ಮರ ಹತ್ತಿ ಕೊಯ್ಯುತ್ತಾರೆ. ಉಪ್ಪಿನಲ್ಲಿ ಹಾಕಿಟ್ಟು ಅದು ಮುರುಟುವ ತನಕ ಕಾಯುತ್ತಾರೆ. ನಮಗಿದು ದಿನದ ಮಾತು, ಪೇಟೆಯಲ್ಲಿ ಬಾಟಲಿ ಕೊಳ್ಳುವವರಿಗೆ ಹೊಸದು. ಇಂಥ ಸೀಮೆಯದೇ ವಿಶೇಷ ಅಂತ ಕೊಡುವ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಕಾಯಿ ಇದು. ಒಂದು ಮರದ ಮಿಡಿಯ ಪರಿಮಳ ಇನ್ನೊಂದು ಮರದ್ದಕ್ಕೆ ಇರುವುದಿಲ್ಲ. ಪರಿಮಳವನ್ನು ಫೋಟೋದಲ್ಲಿ ಹಿಡಿಯಲಾಗದು, ಅದಕ್ಕೇ ಕೆಳಗೆ ಎರಡು ಸಾಲು ಬರೆಯಿರಿ. ಕನ್ನಡದಲ್ಲೇ, ಮನೆಮಾತಿನಲ್ಲೇ ಬರೆಯಿರಿ.

ಒಂದು ದಿನ ಅಂಗಳದಲ್ಲಿ ಹಪ್ಪಳ ಒಣಹಾಕಿದ್ದೆವು. ಅಣ್ಣನ ಮಗ ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದ. ಮುಖ ಕಾಣದ ಹಾಗೆ ಬೆನ್ನ ಹಿಂದಿನಿಂದ ಫೋಟೋ ತೆಗೆದು ಹಾಕಿದೆ. ‘ಅಜ್ಜಿ ಮನೆಯಲ್ಲಿ ಈ ಕೆಲಸ ನನ್ನದಾಗಿತ್ತು’ ಅಂತ ಬೆಂಗಳೂರಿನಿಂದ ಒಬ್ಬರು ಬರೆದರು. ಬೆನ್ನಿಗೇ ಇನ್ನೂರು ಹಪ್ಪಳ ಬೇಕು ಅಂದರು.

ಬೆಲೆ ಅಲ್ಲೇ ಬರೆದುಬಿಡಿ. ‘ಬೆಲೆಗೆ ಮೆಸೇಜ್ ಮಾಡಿ’ ಅಂದರೆ ಎಷ್ಟೋ ಜನ ಕೇಳುವುದೇ ಇಲ್ಲ. ಕಟ್ಟಿನಲ್ಲಿ ಎಷ್ಟು ಹಪ್ಪಳ, ಅಂಚೆ ಖರ್ಚು ಎಷ್ಟು, ಅದೂ ಇರಲಿ. ಊರಿನ ಹೆಸರು ಸೇರಿಸಿ. ‘ಇವತ್ತು ಮಾಲು ಮುಗಿಯಿತು’ ಅನ್ನುವಂಥದ್ದನ್ನು ಸ್ಟೋರಿಯಲ್ಲಿ ಹಾಕಿ, 24 ಗಂಟೆಯಲ್ಲಿ ತಾನೇ ಮಾಯವಾಗುತ್ತದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಸಂಜೆ ಗುಡ್ಡ ಹತ್ತಿಯೇ ಎಲ್ಲರಿಗೂ ಉತ್ತರ ಕೊಡುವುದು. ‘ಸಂಜೆ ಉತ್ತರಿಸುತ್ತೇವೆ’ ಅಂತ ಖಾತೆಯ ಮೇಲೇ ಬರೆದಿದ್ದೇನೆ, ಜನ ಕಾಯುತ್ತಾರೆ.

ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಲೇಬೇಕು. ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ‘ದುಡ್ಡು ಕಳಿಸಿದ್ದೇನೆ, ಪಿನ್ ಹಾಕಿ ತಗೊಳ್ಳಿ’ ಅಂತ ಯಾರಾದರೂ ಹೇಳಿದರೆ ಅದು ಮೋಸ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಡ. ಪಿನ್ ಹಾಕಿದರೆ ನಿಮ್ಮ ದುಡ್ಡೇ ಹೋಗುತ್ತದೆ. ಅತ್ತಿಗೆಗೆ ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದೆ.

ಹೊಳೆದಂಡೆಯ ಹಳೆಯ ಮರ ಈ ಸಲ ಚೆನ್ನಾಗಿ ಹೂ ಬಿಟ್ಟಿದೆ. ಮಿಡಿ ಕೊಯ್ಯುವ ದಿನ ಬೆಳಗ್ಗೆಯೇ ಫೋನ್ ಹಿಡಿದು ಬುಡದಲ್ಲಿ ನಿಂತಿರುತ್ತೇನೆ. ನಮಸ್ಕಾರ.