ಗ್ಯಾಸ್ಟ್ರಿಕ್ ಮಾತ್ರೆ: ಯಾವಾಗ, ಎಷ್ಟು ದಿನ?

ಕೇಳುಗರಿಗೆ ನಮಸ್ಕಾರ.

ನಮ್ಮ ಬೆಂಗಳೂರಿನ ಯಾವ ಮೆಡಿಕಲ್ ಶಾಪ್ ಮುಂದೆ ನಿಂತರೂ ಈ ಮಾತು ಕೇಳಿಸುತ್ತದೆ: "ಒಂದು ಸ್ಟ್ರಿಪ್ ಗ್ಯಾಸ್ಟ್ರಿಕ್ ಮಾತ್ರೆ ಕೊಡಿ." ಚೀಟಿ ಇರುವುದಿಲ್ಲ. ಪ್ಯಾಂಟೊಪ್ರಜೋಲ್ 40 ಕೈಗೆ ಬರುತ್ತದೆ. ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಅದೇ ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ಇರುತ್ತದೆ.

ಇದು ಒಳ್ಳೆಯ ಔಷಧಿ. ಹೊಟ್ಟೆ ಹುಣ್ಣು ವಾಸಿ ಮಾಡುತ್ತದೆ, ಎದೆ ಉರಿ ತಗ್ಗಿಸುತ್ತದೆ. ಆದರೆ ಬಹಳ ಜನ ಇದನ್ನು ತಪ್ಪು ಹೊತ್ತಿನಲ್ಲಿ ನುಂಗುತ್ತಾರೆ. ದರ್ಶಿನಿಯಲ್ಲಿ ಮಸಾಲೆ ದೋಸೆ, ಕಾಫಿ ಎಲ್ಲ ಮುಗಿಸಿ, ಎದೆ ಉರಿದ ಮೇಲೆ ಮಾತ್ರೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಜಠರದ ಗೋಡೆಯಲ್ಲಿ ಆಸಿಡ್ ಬಿಡುವ ಪುಟ್ಟ ಪಂಪುಗಳಿವೆ. ತಿಂಡಿ ಬಿದ್ದಾಗ ಅವು ಚುರುಕಾಗುತ್ತವೆ. ಈ ಮಾತ್ರೆ ತಡೆಯುವುದು ಚುರುಕಾಗಿರುವ ಪಂಪುಗಳನ್ನು. ಅದಕ್ಕೆ ಮೊದಲು ಕರುಳಲ್ಲಿ ಕರಗಬೇಕು, ರಕ್ತ ಸೇರಬೇಕು, ಮತ್ತೆ ಜಠರಕ್ಕೆ ಬರಬೇಕು. ಅದಕ್ಕೇ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಗೆ, ನೀರಿನ ಜೊತೆ ತೆಗೆದುಕೊಳ್ಳಿ. ಅಗಿಯಬೇಡಿ, ಪುಡಿ ಮಾಡಬೇಡಿ. ಮೇಲಿನ ಲೇಪ ಒಡೆದರೆ ಹೊಟ್ಟೆಯ ಆಸಿಡ್ಡೇ ಮಾತ್ರೆಯನ್ನು ಕೆಡಿಸಿಬಿಡುತ್ತದೆ. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು. ಉರಿ ನಿಲ್ಲಲಿಲ್ಲ ಅಂತ ಎರಡೆರಡು ನುಂಗಬೇಡಿ.

ಎದೆ ಉರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು 4ರಿಂದ 8 ವಾರ. ಸುಮ್ನೆ ವರ್ಷಗಟ್ಟಲೆ ಮುಂದುವರಿಸಿದರೆ ಬಿ12, ಮೆಗ್ನೀಷಿಯಂ ಕಡಿಮೆಯಾಗಬಹುದು, ಮೂಳೆ ಮುರಿಯುವ ಅಪಾಯವೂ ಸ್ವಲ್ಪ ಹೆಚ್ಚು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ ಇರುವುದುಂಟು, ಅಲ್ವಾ? ಅವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.

ಹಾಗಂತ ಈ ಮಾತು ಕೇಳಿ ಇವತ್ತೇ ಬಿಟ್ಟುಬಿಡಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡವರು ದಿಢೀರನೆ ನಿಲ್ಲಿಸಿದರೆ ಆಸಿಡ್ ಕೆಲವು ವಾರ ಮೊದಲಿಗಿಂತ ಜಾಸ್ತಿ ಬರಬಹುದು. ಕಾಯಿಲೆ ಮರಳಿತು ಅಂದುಕೊಂಡು ಮತ್ತೆ ಮಾತ್ರೆ ಶುರು ಮಾಡುತ್ತಾರೆ. ವೈದ್ಯರನ್ನು ಕೇಳಿ, ನಿಧಾನವಾಗಿ ಇಳಿಸಿ. ಆಸ್ಪಿರಿನ್ ಜೊತೆಗೆ ಹೊಟ್ಟೆ ಕಾಯಲೆಂದು ಕೊಟ್ಟಿದ್ದರೆ ನೀವಾಗಿ ನಿಲ್ಲಿಸಲೇಬೇಡಿ. ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುವವರು, ಇದೇ ಬಗೆಯ ಇನ್ನೊಂದು ಗ್ಯಾಸ್ಟ್ರಿಕ್ ಮಾತ್ರೆಯಾದ ಒಮೆಪ್ರಜೋಲ್ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಅದು ಕ್ಲೊಪಿಡೋಗ್ರೆಲ್‌ನ ಬಲ ತಗ್ಗಿಸುತ್ತದೆ.

ಮಲ ಕಪ್ಪಗಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಇನ್ನು ಎದೆ ಹಿಂಡಿದ ಹಾಗಾಗಿ, ಬೆವರು ಕಿತ್ತುಕೊಂಡು, ನೋವು ಭುಜಕ್ಕೋ ದವಡೆಗೋ ಹರಡಿದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ನಮಸ್ಕಾರ.