ಅಲಗೇರಿಯ ರನ್‌ವೇ ಮತ್ತು ನಮ್ಮ ಮಳೆ

ನಮಸ್ಕಾರ. ಇವತ್ತು ಅಂಕೋಲಾ ಹತ್ತಿರದ ಅಲಗೇರಿ ಏರ್‌ಪೋರ್ಟ್ ಬಗ್ಗೆ ಮಾತಾಡಬೇಕು ಅನ್ನಿಸಿದೆ. ಮೊನ್ನೆ ಗೆಳೆಯನೊಬ್ಬ ಕಂಪ್ಯೂಟರ್‌ನಲ್ಲಿ ಮಾಡಿದ ಒಂದು ಚಿತ್ರ ಕಳಿಸಿದ್ದ. ಗಾಜಿನ ಟರ್ಮಿನಲ್, ಮುಂದೆ ಕಾರಂಜಿ, ಮೇಲೆ ನೀಲಿ ಆಕಾಶ. "ನಮ್ಮ ಜಿಲ್ಲೆಗೂ ಇಂಥದ್ದು ಬರುತ್ತದೆ ನೋಡು" ಎಂದು ಬರೆದಿದ್ದ. ನಾನು ಆ ಚಿತ್ರದಲ್ಲಿ ಮಳೆ ಹುಡುಕಿದೆ. ಎಲ್ಲೂ ಇರಲಿಲ್ಲ.

ಎರಡು ವರ್ಷದ ಹಿಂದಿನ ಜುಲೈ ನೆನಪಾಯಿತು. ಆಯಿಯ ಕಣ್ಣಿನ ಆಪರೇಷನ್ ಮುಗಿಸಿ ಬೆಂಗಳೂರಿನಿಂದ ಕರಾವಳಿಗೆ ವಿಮಾನದಲ್ಲಿ ಬರುತ್ತಿದ್ದೆವು. ವಿಮಾನ ಕೆಳಗಿಳಿಯಿತು, ಮತ್ತೆ ಮೇಲೇರಿತು. ಇನ್ನೊಮ್ಮೆ ಹಾಗೇ ಆಯಿತು. ಕಿಟಕಿಯಾಚೆ ಬರೀ ಬಿಳಿ. ಆಯಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ತಮಾ, ನೆಲ ಎಲ್ಲಿದ್ದು? ಕಾಣ್ತೇ ಇಲ್ಲೆ" ಅಂದಳು. ಕೊನೆಗೆ ಪೈಲಟ್ ವಾಪಸ್ ಬೆಂಗಳೂರಿಗೆ ಹೋಗುವ ತೀರ್ಮಾನ ಮಾಡಿದರು. ಹಿಂದಿನ ಸೀಟಿನಲ್ಲಿ ಯಾರೋ ಗೊಣಗಿದರು. ನನಗೆ ಮಾತ್ರ ಆ ಪೈಲಟ್‌ಗೆ ಕೈಮುಗಿಯಬೇಕು ಅನ್ನಿಸಿತ್ತು. ಮರುದಿನ ರೈಲಿನಲ್ಲಿ ಮನೆ ಸೇರಿದೆವು.

ಅಲಗೇರಿಯಲ್ಲಿ ಬರಲಿರುವುದು ಕಾರವಾರದ ನೌಕಾನೆಲೆಗೆ ಸೇರಿದ ವಿಮಾನ ನಿಲ್ದಾಣ. ಅದರ ಪಕ್ಕದಲ್ಲೇ ನಮ್ಮಂಥ ಪ್ರಯಾಣಿಕರಿಗೆ ಒಂದು ಟರ್ಮಿನಲ್ ಎಂಬುದು ಯೋಜನೆ. ಇದು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಇವತ್ತು ಕಾರವಾರದವರು ಗೋವಾಕ್ಕೆ ಹೋಗಬೇಕು, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಂಗಳೂರಿಗೆ. ಆದರೆ ನಾವು ಕೇಳಬೇಕಾದದ್ದನ್ನು ಈಗಲೇ ಕೇಳಬೇಕು. ಕಟ್ಟಡ ಎದ್ದ ಮೇಲೆ ಕೇಳಿ ಏನು ಪ್ರಯೋಜನ?

ಮೊದಲು ರನ್‌ವೇ ಮುಗಿಯುವ ಜಾಗದ ಮಾತು. 2010ರ ಮೇ 22, ಮಂಗಳೂರು. ಅಗತ್ಯಕ್ಕಿಂತ ತುಂಬಾ ಮುಂದೆ ಬಂದು ನೆಲ ಮುಟ್ಟಿದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಜನ. ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು ಕೋಳಿಕ್ಕೋಡ್‌ನಲ್ಲಿ, ಸುರಿವ ಮಳೆಯಲ್ಲಿ ಹೆಚ್ಚುಕಡಿಮೆ ಅದೇ ಕಥೆ. ಎರಡೂ ಗುಡ್ಡದ ತಲೆ ಸವರಿ ಮಾಡಿದ ರನ್‌ವೇಗಳು. ಹಾಗಾಗಿಯೇ ರನ್‌ವೇ ತುದಿಯಾಚೆ ಖಾಲಿ ಸುರಕ್ಷತಾ ಜಾಗ ಬಿಡಬೇಕು ಎಂಬ ನಿಯಮ ಇದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಕನಿಷ್ಠ 90 ಮೀಟರ್, ಸಲಹೆ ಮಾತ್ರ 240 ಮೀಟರ್. ಅಷ್ಟು ಜಾಗ ಸಿಗದ ಕಡೆ ಹಗುರವಾದ, ಪುಡಿಯಾಗುವ ಕಾಂಕ್ರೀಟ್ ಹಾಸು ಹಾಕುವ ಪದ್ಧತಿ ಬೇರೆ ದೇಶಗಳಲ್ಲಿದೆ. ಚಕ್ರ ಅದರಲ್ಲಿ ಹೂತು ವಿಮಾನದ ವೇಗ ಕುಗ್ಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೆ ಹತ್ತಿರದ ಮಳೆ ಬೀಳುತ್ತದೆ. ನಾವು 90ಕ್ಕೆ ತೃಪ್ತಿಪಡಬಾರದು. ಮಳೆನೀರು ರನ್‌ವೇ ಮೇಲೆ ನಿಂತರೆ ಟೈರು ನೆಲ ಬಿಟ್ಟು ನೀರಿನ ಮೇಲೆ ಜಾರುತ್ತದೆ. ಅದಕ್ಕೇ ರನ್‌ವೇಗೆ ಅಡ್ಡವಾಗಿ ಸಣ್ಣ ಸಣ್ಣ ಗೀರು ಹಾಕುತ್ತಾರೆ, ನೀರು ಬದಿಗೆ ಹರಿಯಲಿ ಎಂದು. ಆ ಗೀರುಗಳಲ್ಲಿ ಟೈರಿನ ರಬ್ಬರು ತುಂಬಿದರೆ ತೆಗೆಯುತ್ತಲೇ ಇರಬೇಕು. ಯಾವ ಪ್ರಯಾಣಿಕನ ಕಣ್ಣಿಗೂ ಬೀಳದ ಕೆಲಸ ಇದು.

ಇನ್ನು ಆಯಿ ಕೇಳಿದ ಪ್ರಶ್ನೆ. ನೆಲ ಎಲ್ಲಿದೆ? ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಐಎಲ್‌ಎಸ್ ಎಂಬ ವ್ಯವಸ್ಥೆ ಇರುತ್ತದೆ. ರನ್‌ವೇಯಿಂದ ಹೊರಡುವ ರೇಡಿಯೋ ಸಂಕೇತ ವಿಮಾನಕ್ಕೆ ದಾರಿ ತೋರಿಸುತ್ತದೆ. ಅದರ ಸಾಮಾನ್ಯ ದರ್ಜೆಯಲ್ಲಿ ಪೈಲಟ್ ನೆಲದಿಂದ ಸುಮಾರು 200 ಅಡಿವರೆಗೂ ಇಳಿಯಬಹುದು. ಅಷ್ಟರಲ್ಲಿ ರನ್‌ವೇ ಕಾಣದಿದ್ದರೆ ಮೇಲೇರಲೇಬೇಕು. ಸಣ್ಣ ಏರ್‌ಪೋರ್ಟ್‌ಗಳಿಗೆ ಇನ್ನೊಂದು ದಾರಿಯೂ ಇದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ ಗಗನ್ ಎಂಬ ಉಪಗ್ರಹ ವ್ಯವಸ್ಥೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಒಂದು ಎಟಿಆರ್ ವಿಮಾನ ಅದರ ನೆರವಿನಿಂದ ಇಳಿಯಿತು. ಅಲ್ಲಿ ಐಎಲ್‌ಎಸ್ ಇರಲಿಲ್ಲ. ಅಲಗೇರಿಯಲ್ಲಿ ಇವೆರಡರಲ್ಲಿ ಒಂದಾದರೂ ಮೊದಲ ದಿನದಿಂದ ಇರಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಬೋರ್ಡಿನ ಮೇಲೆ ಬರೀ 'ರದ್ದು' ಎಂದೇ ಓದುತ್ತಾ ಕೂರುತ್ತೇವೆ.

ಪರಿಸರದ ಮಾತು ಬಂದರೆ ಎಲ್ಲರೂ ಕೊಚ್ಚಿ ಏರ್‌ಪೋರ್ಟ್ ಹೆಸರು ಹೇಳುತ್ತಾರೆ. ಹೇಳಲೇಬೇಕು. 2015ರಿಂದ ಅದು ಪೂರ್ತಿ ಸೌರಶಕ್ತಿಯಲ್ಲಿ ನಡೆಯುತ್ತಿದೆ. 2018ರಲ್ಲಿ ವಿಶ್ವಸಂಸ್ಥೆ ಅದಕ್ಕೆ ಪರಿಸರ ಪ್ರಶಸ್ತಿ ಕೊಟ್ಟಿತು. ಆದರೆ ಅದೇ 2018ರ ಆಗಸ್ಟ್‌ನಲ್ಲಿ ಪೆರಿಯಾರ್ ನದಿ ಉಕ್ಕಿ ರನ್‌ವೇ ಮುಳುಗಿತು. ಎರಡು ವಾರ ಒಂದೂ ವಿಮಾನ ಹಾರಲಿಲ್ಲ. ಆಮೇಲೆ ಅವರು ಸುತ್ತಲಿನ ಕಾಲುವೆ, ತೋಡುಗಳನ್ನು ಸರಿಮಾಡುವ ಕೆಲಸಕ್ಕೆ ಕೈಹಾಕಿದರು. ನನಗೆ ಆ ಸೌರ ಫಲಕಕ್ಕಿಂತ ಈ ತೋಡಿನ ಕೆಲಸವೇ ನಮಗೆ ಹತ್ತಿರದ ಪಾಠ ಅನ್ನಿಸುತ್ತದೆ. ಹಳ್ಳಕ್ಕೆ ಮಣ್ಣು ತುಂಬಿ, ಗಜನಿಗೆ, ಅಂದರೆ ಉಪ್ಪುನೀರಿನ ಗದ್ದೆಗೆ, ಹೋಗುವ ನೀರಿನ ದಾರಿ ಕಟ್ಟಿ, ಮೇಲೆ ಫಲಕ ಹಾಕಿದರೆ ಅದನ್ನು ಹಸಿರು ಏರ್‌ಪೋರ್ಟ್ ಎನ್ನಲು ನನಗೆ ಮನಸ್ಸಿಲ್ಲ.

ಗುಡ್ಡ ಕಡಿದರೆ ಏನಾಗುತ್ತದೆ ಎಂದು ಅಂಕೋಲಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಜುಲೈ 16. ಶಿರೂರು. ಹೆದ್ದಾರಿ ಪಕ್ಕದ ಚಹಾದಂಗಡಿ, ಅಲ್ಲಿದ್ದವರು, ನಿಂತಿದ್ದ ಲಾರಿ ಎಲ್ಲ ಕುಸಿದ ಗುಡ್ಡದ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋಯಿತು. ನಾನು ಇವತ್ತಿಗೂ ಆ ಜಾಗ ದಾಟುವಾಗ ಮಾತು ನಿಲ್ಲಿಸುತ್ತೇನೆ.

ಇನ್ನೊಂದು ವಿಷಯ, ಮೀನು. ಬೇಲೇಕೇರಿ ಬಂದರು ಹತ್ತಿರದಲ್ಲೇ ಇದೆ. ಮೀನು ಒಣಗಿಸುವ ಕಡೆ ಹದ್ದು, ಕಾಗೆ, ಕೊಕ್ಕರೆ ಎಲ್ಲ ಇರುತ್ತವೆ. ವಿಮಾನಕ್ಕೆ ಹಕ್ಕಿ ಬಡಿಯುವುದು ಸಣ್ಣ ಅಪಾಯ ಅಲ್ಲ. ಏರ್‌ಪೋರ್ಟ್‌ನಿಂದ 10 ಕಿಲೋಮೀಟರ್ ಒಳಗೆ ಕಸ ಸುರಿಯಬಾರದು, ಪ್ರಾಣಿ ಕಡಿಯಬಾರದು ಎಂದು ವಿಮಾನ ನಿಯಮವೇ ಹೇಳುತ್ತದೆ. ನನ್ನ ಭಯ ಏನೆಂದರೆ, ನಾಳೆ ಈ ನಿಯಮ ತೋರಿಸಿ ಒಣಮೀನಿನ ಹೆಂಗಸರನ್ನು ಎಬ್ಬಿಸಿಬಿಡುತ್ತಾರೇನೋ ಎಂದು. ಅವರಿಗೆ ಬಲೆ ಮುಚ್ಚಿದ ಒಣಗಿಸುವ ಚಪ್ಪರ, ಮೀನಿನ ತ್ಯಾಜ್ಯ ಅದೇ ದಿನ ಒಯ್ಯುವ ಗಾಡಿ, ಇವನ್ನು ಏರ್‌ಪೋರ್ಟ್ ಖರ್ಚಿನಲ್ಲೇ ಸೇರಿಸಬೇಕು. ಹಕ್ಕಿಯೂ ದೂರ ಉಳಿಯುತ್ತದೆ, ಅವರ ಹೊಟ್ಟೆಪಾಡೂ ಉಳಿಯುತ್ತದೆ. ಅಲ್ವಾ?

ಕಾರವಾರದ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಶುರುವಾದದ್ದು 2005ರಲ್ಲಿ. ಜಾಗ ಕೊಟ್ಟ ಎಷ್ಟೋ ಕುಟುಂಬಗಳು ಪರಿಹಾರಕ್ಕಾಗಿ ಅದಕ್ಕಿಂತಲೂ ಜಾಸ್ತಿ ವರ್ಷ ಕಾದವು. ಕೇಸಿನ ಕಾಗದ ಹಿಡಿದುಕೊಂಡೇ ಮುದುಕರಾದವರನ್ನು ನಾನು ನೋಡಿದ್ದೇನೆ. ಅಲಗೇರಿಯವರಿಗೆ ಹಾಗಾಗಬಾರದು. ಹಣ ಮೊದಲು ಕೈಗೆ ಬರಬೇಕು, ಮನೆ ಬಿಡುವುದು ಆಮೇಲೆ. ನಮ್ಮ ಅಂಕೋಲಾದ ಹೆಸರುವಾಸಿ ತಳಿ ಕರಿ ಈಶಾಡು ಮಾವಿನ ಮರ ಇದ್ದರೆ ಅದನ್ನು ಸುಮ್ನೆ 'ಒಂದು ಮರ' ಎಂದು ಲೆಕ್ಕ ಹಾಕಬಾರದು.

ಟರ್ಮಿನಲ್ ಸಣ್ಣದಿರಲಿ, ನನಗೆ ಬೇಸರವಿಲ್ಲ. ಮುಖ ತೋರಿಸಿ ಒಳಗೆ ಹೋಗುವ ಡಿಜಿಯಾತ್ರಾ ಆಮೇಲೆ ಬಂದರೂ ನಡೆಯುತ್ತದೆ. ಆಯಿಯಂಥವರಿಗೆ ಮಳೆಯಲ್ಲಿ ನೆನೆಯದೆ ವಿಮಾನದವರೆಗೆ ಹೋಗುವ ಮಾಡು ಬೇಕು, ಗಾಲಿಕುರ್ಚಿ ಬೇಕು. ಅಂಕೋಲಾ ಸ್ಟೇಷನ್‌ಗೆ, ಕುಮಟಾ, ಶಿರಸಿ, ಯಲ್ಲಾಪುರಕ್ಕೆ ಬಸ್ಸು ಬೇಕು.

ಬರುವ ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ದಿನ ನಾನು ಕ್ಯಾಮೆರಾ ತೆಗೆದುಕೊಂಡು ಅಲಗೇರಿಗೆ ಹೋಗುತ್ತೇನೆ. ಯಾವ ಹಳ್ಳ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ನೀರು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಲ್ಲಿನ ಹಿರಿಯರನ್ನೇ ಕೇಳಿ ಚಿತ್ರೀಕರಿಸುತ್ತೇನೆ. ಆ ಕಡೆಯವರು ಯಾರಾದರೂ ಇದನ್ನು ನೋಡುತ್ತಿದ್ದರೆ ನನಗೆ ತಿಳಿಸಿ. ನಿಮ್ಮ ಮನೆ ಅಂಗಳದಿಂದಲೇ ಶುರು ಮಾಡೋಣ.