ಹೊಸ ಗೊಬ್ಬರವೂ ಗಿಡದ ಹಳೆಯ ಲೆಕ್ಕವೂ

ಕೇಳುಗರೇ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಕೊಯ್ಲಿನ ಹೊತ್ತಿಗೆ ಒಂದು ಮಾತು ಆಗಾಗ ಕೇಳಿಬರುತ್ತದೆ: "ಹೋದ ವರ್ಷ ಫಸಲು ಕೈಕೊಟ್ಟಿತ್ತು, ಈ ಸಲ ಹೊಸ ಗೊಬ್ಬರ ಹಾಕಿದೆ, ಗಿಡದ ತುಂಬ ಹಣ್ಣು." ಗೊಬ್ಬರ ಹಾಕಿದ್ದೂ ನಿಜ, ಹಣ್ಣು ಬಂದದ್ದೂ ನಿಜ. ಆದರೆ ಅದರಿಂದಲೇ ಇದಾಯಿತು ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ.

ಒಂದು ವರ್ಷ ಹೊರೆ ಹೊತ್ತ ಅರೇಬಿಕಾ ಗಿಡ ಮರುವರ್ಷ ಸೊರಗುವುದು, ಹಣ್ಣು ಕಡಿಮೆಯಿದ್ದ ವರ್ಷದಲ್ಲಿ ಹೊಸ ರೆಂಬೆ ಬೆಳೆಸಿಕೊಂಡು, ಒಳಗೊಳಗೇ ಶಕ್ತಿ ಕೂಡಿಟ್ಟು, ಮುಂದಿನ ಹೂವಿಗೆ ಸಿದ್ಧವಾಗುವುದು ಬೆಳೆಗಾರರೆಲ್ಲ ಬಲ್ಲ ಸಂಗತಿ. ಆ ಶಕ್ತಿ ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಫಸಲು ಸೋತ ವರ್ಷವೇ ನಾವು ಹೊಸ ಗೊಬ್ಬರ ಹುಡುಕಿಕೊಂಡು ಹೋಗುತ್ತೇವೆ. ಹೇಗಿದ್ದರೂ ಚೇತರಿಸಿಕೊಳ್ಳಲಿದ್ದ ಗಿಡದ ಬುಡಕ್ಕೆ ಅದು ಬೀಳುತ್ತದೆ. ಹೀಗೆ ಗೊಬ್ಬರವನ್ನೂ ಫಸಲನ್ನೂ ಒಟ್ಟಿಗೆ ತಂದ ಕಾರಣ ಮರೆಯಲ್ಲೇ ಉಳಿಯುತ್ತದೆ. ನೂರು ತೋಟಗಳ ಬದಲು ಸಾವಿರ ತೋಟಗಳ ಅಂಕಿಗಳನ್ನು ಕೂಡಿಸಿದರೂ, ಎಲ್ಲರೂ ಸೋತ ವರ್ಷದಲ್ಲೇ ಗೊಬ್ಬರ ಕೊಂಡಿದ್ದರೆ, ಈ ತಪ್ಪು ಕರಗುವುದಿಲ್ಲ. ಹಿಂದಿನ ವರ್ಷಗಳ ಇಳುವರಿಯನ್ನು ಕುರುಹಾಗಿ ಹಿಡಿದು ಸಮಬಲದ ಗಿಡಗಳನ್ನೇ ಹೋಲಿಸಿದರೆ ತಪ್ಪು ಕೊಂಚ ತಗ್ಗೀತು. ಆದರೂ ಗೊಬ್ಬರಕ್ಕೆ ದುಡ್ಡು ಸುರಿಯುವವರು ಮರಗಸಿಯನ್ನೂ (ನೆರಳು ಮರಗಳ ಕೊಂಬೆ ಸವರುವುದನ್ನೂ), ಹೂಮಳೆ ತಡವಾದಾಗ ನೀರು ಕೊಡುವುದನ್ನೂ ಹೆಚ್ಚು ಮುತುವರ್ಜಿಯಿಂದ ಮಾಡಿಸುತ್ತಿರಬಹುದು.

ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದ 1925ರ ಆಸುಪಾಸಿನಲ್ಲಿಯೇ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್, ಯಾವ ತುಂಡು ನೆಲಕ್ಕೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೇ ಬಿಡಬೇಕೆಂದು ವಾದಿಸುತ್ತಿದ್ದರು. ಚೀಟಿಗೆ ಗಿಡದ ಶಕ್ತಿಯೂ ತಿಳಿಯದು, ಯಜಮಾನರ ಮುತುವರ್ಜಿಯೂ ತಿಳಿಯದು; ಆದ್ದರಿಂದ ಹೆಸರೇ ಗೊತ್ತಿಲ್ಲದ ಕಾರಣಗಳೂ ಎರಡೂ ಕಡೆಗೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ನನಗೆ ಇದು ಕಳೆದ ಶತಮಾನದ ಅತಿ ಸುಂದರ ವಿಚಾರಗಳಲ್ಲೊಂದು.

ಆದರೆ ಎಲ್ಲೆಡೆ ಚೀಟಿ ನಡೆಯದು; ಮನುಷ್ಯರಿಗೆ ಚೀಟಿ ಎತ್ತಿ ಸಿಗರೇಟು ಸೇದಿಸಲಾಗದು. ಇದೇ ಫಿಷರ್ 1950ರ ದಶಕದಲ್ಲಿ, ಧೂಮಪಾನದ ಚಟವನ್ನೂ ಶ್ವಾಸಕೋಶದ ಕ್ಯಾನ್ಸರನ್ನೂ ಒಟ್ಟಿಗೆ ತರುವ ವಂಶವಾಹಿಯೊಂದು ಇರಬಹುದಲ್ಲವೇ ಎಂದು ಪಟ್ಟುಹಿಡಿದರು. ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು 1959ರಲ್ಲಿ ಕೊಟ್ಟ ಉತ್ತರ ಹೀಗಿತ್ತು: ಸೇದುವವರಿಗೆ ಅಪಾಯ 9 ಪಟ್ಟು ಇರುವಾಗ, ಅದನ್ನು ಪೂರ್ತಿಯಾಗಿ ವಿವರಿಸಬೇಕಾದ ಗುಪ್ತ ಕಾರಣವೂ ಸೇದುವವರಲ್ಲಿ ಕನಿಷ್ಠ 9 ಪಟ್ಟು ಹೆಚ್ಚಾಗಿರಬೇಕು. ಅಂಥದ್ದೊಂದನ್ನು ಯಾರೂ ತೋರಿಸಲಿಲ್ಲ.

ಗೊಬ್ಬರದ ವಿಷಯದಲ್ಲಿ ನಾವು ವಾದಿಸುತ್ತಿರುವುದು ಒಂಬತ್ತು ಪಟ್ಟಿನ ಬಗ್ಗೆಯಲ್ಲ, ಎಕರೆಗೆ ಕೆಲವು ಮೂಟೆಗಳ ಬಗ್ಗೆ. ಅಷ್ಟು ವ್ಯತ್ಯಾಸ ತರಲು ಗಿಡದ ಒಂದು ವರ್ಷದ ವಿಶ್ರಾಂತಿಯೇ ಸಾಕು. ಆದ್ದರಿಂದ ಬೆಳೆಗಾರ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೇ: ಹೊಸ ಗೊಬ್ಬರ ತಂದಾಗ ಯಾವ ಸಾಲಿಗೆ ಹಾಕಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ, ಉಳಿದ ಸಾಲುಗಳಿಗೆ ಹಳೆಯದನ್ನೇ ಮುಂದುವರಿಸಿ, ಎರಡರ ಹಣ್ಣನ್ನೂ ಬೇರೆ ಬೇರೆಯಾಗಿ ತೂಗಿಸಿ, ಒಂದಲ್ಲ, ಕನಿಷ್ಠ ಎರಡು ಕೊಯ್ಲಿನವರೆಗೆ.